ದೇವೀರಮ್ಮನಿಗೆ ಮೊದಲ ಎಲೆ ಹಾಕಿದ ಕಥೆ

ದೀಪಕ್ಕೆ ಎಣ್ಣೆಯೆರೆದು, ಬತ್ತಿಯನ್ನು ಮುಂದಕ್ಕೆ ಸರಿಸಿ, ಬೆಳಗಿನಿಂದ ದುಡಿದು ದಣಿದವರು ಗೋಡೆಗೆ ಒರಗಿಯಾದರೂ ಕುಳಿತು, ತಾಯಿಗೌರಿಯ ಈ ಕಥೆಯನ್ನು ಮನಸ್ಸಿಟ್ಟು ಕೇಳುವುದು.

ಗಂಟೆಪುರವೆಂಬ ಊರಿನಲ್ಲಿ ಮೋನಪ್ಪನೆಂಬ ಕಂಚುಗಾರನಿದ್ದನು. ಅವನ ಹೆಂಡತಿ ಕಾಳಾಂಬೆ. ಅವಳು ಅವಳಿ ಮಕ್ಕಳನ್ನು ಹೆತ್ತು ಮಲಗಿದ್ದಾಗ, ಕುಲುಮೆಯಲ್ಲಿ ಕಾದ ಕಂಚು ಚೆಲ್ಲಿ ಮೋನಪ್ಪನ ಬಲಗೈ ಸುಟ್ಟುಹೋಯಿತು. ಒಲೆ ಹಚ್ಚುವವರಿಲ್ಲ, ಕೂಸು ಎತ್ತುವವರಿಲ್ಲ. ಸುದ್ದಿ ತಿಳಿದ ಕಾಳಾಂಬೆಯ ತಾಯಿ ದೇವೀರಮ್ಮ, ಗಂಡನನ್ನು ಕಳೆದುಕೊಂಡವಳು, ಮನೆಯಲ್ಲಿದ್ದ ಜೋಳವನ್ನೆಲ್ಲ ಗಂಟು ಕಟ್ಟಿ ತಲೆಯ ಮೇಲಿಟ್ಟು, ತನಗಿದ್ದ ಒಂದೇ ಹಸುವಿನ ಹಗ್ಗ ಹಿಡಿದು ನಡೆದು ಬಂದಳು.

ಬಂದವಳು ಕೂರಲಿಲ್ಲ. ಮಗಳಿಗೆ ನೀರೆರೆದು, ಕೂಸುಗಳನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸಿ, ಅಳಿಯನ ಕೈಗೆ ಸೊಪ್ಪು ಅರೆದು ಹಚ್ಚಿ, ಹಾಲು ಕರೆದು, ಹಿಟ್ಟು ಬೀಸಿ, ಎಲ್ಲರೂ ಉಂಡ ಮೇಲೆ ಮಿಕ್ಕಿದ್ದರೆ ಉಂಡಳು. ಮೋನಪ್ಪನು ಎಡಗೈಯಲ್ಲಿ ಮತ್ತೆ ಕೆಲಸ ಹಿಡಿದಾಗ, ಬೆಂಕಿಗೆ ಗಾಳಿಯೂದುವ ತಿದಿಯೊತ್ತಲು ಆಳಿಲ್ಲವೆಂದು ತಾನೇ ಕುಲುಮೆಯ ಮುಂದೆ ಕುಳಿತು ಒತ್ತಿದಳು. ಭುಜ ಸೋತುಹೋಯಿತು, ಕಣ್ಣು ಹೊಗೆಗೆ ಕೆಂಪಾಯಿತು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೀಗಿರಲು ಮೋನಪ್ಪನ ಕೈ ವಾಸಿಯಾಗಿ, ಅವನು ಎರೆದ ಗಂಟೆಗಳಿಗೆ ಊರೂರಿನಿಂದ ಬೇಡಿಕೆ ಬಂದು, ಮನೆಯಲ್ಲಿ ಧಾನ್ಯ ತುಂಬಿತು. ಕಾಳಾಂಬೆಯು ಗೌರಿಯನ್ನು ಕೂರಿಸಿ ಊರಿನ ಮುತ್ತೈದೆಯರನ್ನೆಲ್ಲ ಕರೆದಳು. ಮಸಿ ಹತ್ತಿದ ಕೈಯ, ಬೋಳು ಹಣೆಯ ತಾಯಿ ನಡುಮನೆಗೆ ಬಂದರೆ ಬಂದವರು ಏನೆಂದಾರೆಂದು ಅಳುಕಿ, ಹಿತ್ತಿಲಲ್ಲೇ ಇದ್ದು ಪಾಯಸ ತಿರುವುತ್ತಿರೆಂದು ಹೇಳಿದಳು. ದೇವೀರಮ್ಮ ತಿರುವಿದಳು. ಹೆಂಗಸರು ಉಂಡು, ಬಾಗಿನ ಪಡೆದು ಹೋಗುವ ಹೊತ್ತಿಗೆ ಪಾತ್ರೆ ಬರಿದಾಗಿತ್ತು. ಅವಳಿಗೊಂದು ಎಲೆ ಹಾಕಬೇಕೆಂಬುದು ಯಾರಿಗೂ ನೆನಪಾಗಲಿಲ್ಲ. ನೀರು ಕುಡಿದು ತಿದಿಯ ಪಕ್ಕದಲ್ಲಿ ಒರಗಿದಳು. ಮರುದಿನ ಊರಿಗೆ ಹೋಗುತ್ತೇನೆಂದಳು. ಮಕ್ಕಳಿಗೆ ಹಾಲಿರಲೆಂದು ಹಸುವನ್ನು ಅಲ್ಲೇ ಬಿಟ್ಟು, ಬರಿಗೈಯಲ್ಲಿ ಹೋದಳು. ಕಾಳಾಂಬೆ ತಡೆಯಲಿಲ್ಲ.

ಅಂದಿನಿಂದ ಆ ಮನೆಗೆ ಆಯಾಸ ಹೊಕ್ಕಿತು. ಎರೆದ ಗಂಟೆ ಅಚ್ಚಿನಲ್ಲೇ ಸೀಳು ಬಿಟ್ಟಿತು. ಕಾಳಾಂಬೆ ದಣಿದೇ ಏಳುವಳು, ದಣಿದೇ ಮಲಗುವಳು. ಕೂಸನ್ನೆತ್ತಿದರೆ ತೋಳು ನಡುಗುವುದು, ಕೊಡ ಎತ್ತಿದರೆ ಕಣ್ಣು ಕತ್ತಲಿಡುವುದು. ಮತ್ತೊಮ್ಮೆ ಇನ್ನೂ ಅದ್ದೂರಿಯಿಂದ ಗೌರಿಯ ವ್ರತ ಮಾಡಿದಳು. ಹಚ್ಚಿದ ದೀಪ ನಿಲ್ಲಲಿಲ್ಲ. ಕಡೆಗೆ ಮಕ್ಕಳನ್ನು ಗಂಡನಿಗೆ ಒಪ್ಪಿಸಿ, ಹೆತ್ತ ತಾಯಿಯನ್ನೇ ಕೇಳುವೆನೆಂದು ತವರಿಗೆ ಹೊರಟು, ನಡೆಯಲಾರದೆ ದಾರಿಯ ಅತ್ತಿಮರದ ಕೆಳಗೆ ಕುಸಿದಳು.

ಅಲ್ಲೊಬ್ಬ ಮುದುಕಿ ಕುಳಿತಿದ್ದಳು. ಕಾಳಾಂಬೆಯು ತನ್ನ ಕಷ್ಟವನ್ನೆಲ್ಲ ಹೇಳಿ, ಗೌರಿ ತನ್ನ ಮೇಲೆ ಯಾಕೆ ಮುನಿದಳೆಂದು ಕೇಳಿದಳು. ಮುದುಕಿ ಹೇಳಿದಳು:

"ಮುನಿದಿಲ್ಲ ಮಗಳೇ, ಹಸಿದಿದ್ದೇನೆ. ಹೆತ್ತವಳು ಹಿತ್ತಿಲಲ್ಲಿ ಹಸಿದಿದ್ದಾಗ ನೀನಿಟ್ಟ ಪಾಯಸ ನನ್ನ ಗಂಟಲಲ್ಲಿ ಇಳಿಯಲಿಲ್ಲ."

ಕಾಳಾಂಬೆ ಅವಳ ಪಾದ ಹಿಡಿದು ಅತ್ತಳು. ಆಗ ದೇವಿಯು ವಿಧಿಯನ್ನು ತಿಳಿಸಿದಳು. ತಾಯಿ ಮುತ್ತೈದೆಯಾಗಿರಲಿ, ವಿಧವೆಯಾಗಿರಲಿ, ಎಣ್ಣೆಯೊತ್ತಿ ಎರೆದು, ನಡುಮನೆಯಲ್ಲಿ ಮಣೆ ಹಾಕಿ ಕೂರಿಸಿ, ಮೊದಲ ಎಲೆ ಅವಳಿಗೆ ಹಾಕಬೇಕು. ತಾವು ದೊಡ್ಡವರಾದ ಮೇಲೆಯೂ ಅವಳು ಮಾಡಿದ ಉಪಕಾರವನ್ನು ಮನಸ್ಸಿನಲ್ಲಿ ನೆನೆದರೆ ಸಾಲದು, ನಾಲ್ವರ ಮುಂದೆ ಬಾಯಿಬಿಟ್ಟು ಹೇಳಬೇಕು. ತಾಯಿ ಇಲ್ಲದವರು ದಣಿದ ಯಾವ ಮುದುಕಿಯನ್ನಾದರೂ ಕರೆದು ಬಡಿಸಬೇಕು. ಇಷ್ಟು ಹೇಳಿ ಕಾಣದಾದಳು.

ಕಾಳಾಂಬೆ ತಾಯಿಯ ಮನೆ ಸೇರಿದಾಗ ದೇವೀರಮ್ಮ ಅಂಗಳ ಗುಡಿಸುತ್ತಿದ್ದಳು. ಮಗಳ ಮುಖ ನೋಡಿ, ಮಕ್ಕಳು ಹೇಗಿದ್ದಾರೆ, ಉಂಡೆಯಾ ಎಂದು ಕೇಳಿ, ಒಲೆ ಹಚ್ಚಲು ಸೌದೆಗೆ ಕೈಹಾಕಿದಳು. ಕಾಳಾಂಬೆ ಆ ಸೌದೆಯನ್ನು ಕಿತ್ತುಕೊಂಡು, ತಪ್ಪಾಯಿತು ಅವ್ವಾ ಎಂದು ಕಾಲಿಗೆ ಬಿದ್ದಳು.

ದೇವೀರಮ್ಮ ಅವಳನ್ನು ಹಿಡಿದೆತ್ತಿ ಹೇಳಿದಳು: "ನನಗೆ ಬಾಗಿನ ಬೇಕಿರಲಿಲ್ಲ ಕಾಳೀ. ಸಾಕು ಬಿಡವ್ವಾ, ಕೂತುಕೋ ಅಂತ ನೀನು ಒಂದು ಸಲ ಅಂದೀಯಾ ಅಂತ ಕಾಯ್ತಿದ್ದೆ."

ಕಾಳಾಂಬೆ ತಾಯಿಯನ್ನು ಗಾಡಿಯಲ್ಲಿ ಕರೆತಂದು, ಹೇಳಿದ ವಿಧಿಯಂತೆ ಎರೆದು, ಅದೇ ಮುತ್ತೈದೆಯರ ನಡುವೆ ಮಣೆಯ ಮೇಲೆ ಕೂರಿಸಿದಳು. ಜೋಳ ತಂದದ್ದು, ಹಸು ಬಿಟ್ಟುಹೋದದ್ದು, ತಿದಿಯೊತ್ತಿದ್ದು, ಉಣ್ಣದೆ ಮಲಗಿದ್ದು, ಎಲ್ಲವನ್ನೂ ಹೇಳಿದಳು. ಅದೆಲ್ಲ ಯಾಕೆಂದು ತಾಯಿ ನಾಚಿ ತಡೆದರೂ ನಿಲ್ಲಿಸಲಿಲ್ಲ. ಗೌರಿಯ ಮುಂದಿನ ದೀಪ ನೆಟ್ಟಗೆ ಉರಿಯಿತು. ಮೋನಪ್ಪನು ಎರೆದ ಗಂಟೆ ಸೀಳಿಲ್ಲದೆ ಬಂದು, ಮನೆಯ ಆಯಾಸ ತೊಲಗಿತು. ದೇವೀರಮ್ಮ ಹೊಟ್ಟೆತುಂಬ ಉಂಡು, ಹಾಸಿದ ಚಾಪೆಯ ಮೇಲೆ ಮಲಗಿ, ಹಗಲಿಡೀ ನಿದ್ದೆಮಾಡಿದಳು. ಅವಳನ್ನು ಯಾರೂ ಯಾವ ಕೆಲಸಕ್ಕೂ ಎಬ್ಬಿಸಲಿಲ್ಲ.

ಈ ಕಥೆಯನ್ನು ಓದಿದವರಿಗೂ, ಕೇಳಿದವರಿಗೂ, ಕೇಳುತ್ತ ತೂಕಡಿಸಿದವರಿಗೂ ತಾಯಿಗೌರಿ ಕಾಳಾಂಬೆಗೆ ಕೊಟ್ಟ ಫಲವನ್ನೇ ಕೊಡಲಿ. ಹೆತ್ತವಳು ಮನೆಯಲ್ಲಿರುವವರು ಈಗ ಎದ್ದು ಹೋಗಿ, ಅವಳ ಕೈಯ ಕೆಲಸ ಬಿಡಿಸಿ, ಕರೆತಂದು ಕೂರಿಸಿರಿ. ಆಮೇಲೆ ಮಂಗಳಾರತಿ.