ಕಡ್ಡಿ ಚಹಾದ ಕೋರಿಕೆ

ತುಂಗಕ್ಕನ ಅಡುಗೆಮನೆಗೆ ಜಪಾನಿನ ಕುಕಿಚಾ ಬಂತು. ಅದು ಚಹಾ ಗಿಡದ ಎಳೆಗಡ್ಡಿಗಳ ಹಸಿರು ಚಹಾ.

"ರಾಯರೇ, ಕುದಿನೀರು ನನಗಾಗದು. ಕುದಿಯುವ ಮೊದಲೇ ಇಳಿಸಿ, ಒಂದು ನಿಮಿಷ ಬಿಡಿ, ಸಾಕು," ಎಂದು ಅದು ಚಹಾ ಪಾತ್ರೆಯನ್ನು ಕೇಳಿಕೊಂಡಿತು.

"ಕಡ್ಡಿಯಿಂದ ನಾನು ಪಾಠ ಕಲಿಯಬೇಕೇ? ಮೂರು ಸಲ ಉಕ್ಕದಿದ್ದರೆ ಅದು ಚಹಾವೇ ಅಲ್ಲ!" ಎಂದ ಪಾತ್ರೆ ಅದನ್ನು ಕೊತಕೊತ ಕುದಿಸಿತು.

ತುಂಗಕ್ಕ ಒಂದೇ ಗುಟುಕಿಗೆ ಮುಖ ಕಿವುಚಿದಳು.

"ನೋಡು, ನಿನ್ನ ಗುಣವೇ ಕಹಿ," ಎಂದಿತು ಪಾತ್ರೆ.

ಇನ್ನೊಮ್ಮೆ ನೋಡೋಣವೆಂದು ಮರುದಿನ ತುಂಗಕ್ಕ ನೀರಿಟ್ಟಳು. ಕುದಿಯುವ ಮೊದಲೇ ಗ್ಯಾಸ್ ಮುಗಿಯಿತು. ಇದ್ದ ಬಿಸಿಗೇ ಕಡ್ಡಿ ಹಾಕಿ, ಹಾಲು ಸಕ್ಕರೆ ಬೆರೆಸದೆ ಸೋಸಿ ಕುಡಿದಳು. "ಅಬ್ಬಾ, ಎಷ್ಟು ಹಿತವಾಗಿದೆ!"

"ಇವತ್ತು ನಾನು ಏನೂ ಮಾಡಲೇ ಇಲ್ಲವಲ್ಲ!" ಎಂದು ಪಾತ್ರೆ ಗೊಣಗಿತು.

"ನಿನ್ನೆ ನಾನು ಕೇಳಿಕೊಂಡದ್ದೂ ಅಷ್ಟೇ, ರಾಯರೇ," ಎಂದಿತು ಕುಕಿಚಾ.