ಬಾಲದ ಮೇಲಿನ ಕಾಲು

ಮಕ್ಕಳಾ, ಹುಣಸೆಕಾಡಿನ ಕೆರೆಯಂಚಿಗೆ ಬನ್ನಿ. ಮೆಲ್ಲಗೆ! ಅಲ್ಲಿ ಗುಡ್ಡಣ್ಣ ಅನ್ನೋ ಉಡ ಇದ್ದಾನೆ. ಇಡೀ ಕಾಡಿಗೇ ನಂಬರ್ ಒನ್ ಮೊಟ್ಟೆಗಳ್ಳ.

ಅವನನ್ನು ತಿದ್ದುತ್ತಿದ್ದವಳು ಆಮೆ ಚೆನ್ನಕ್ಕ. ಅವಳ ಪಾಠ ಇಷ್ಟೇ: ಮೊದಲು ಹೊಟ್ಟೆತುಂಬ ಏಡಿ, ಆಮೇಲೆ ಗೂಡಿನ ಹತ್ತಿರ. ಬಾಯಲ್ಲಿ ನೀರೂರಿದರೆ ನಾಚಿಕೆ ಬಿಟ್ಟು ಕೆರೆಗೆ ಓಡು. ಚೆನ್ನಕ್ಕ ಜೊತೆಗಿದ್ದಾಗ ಗುಡ್ಡಣ್ಣ ಈಗೀಗ ಟಿಟ್ಟಿಭ ಹಕ್ಕಿಯ ನೆಲಗೂಡಿನ ಪಕ್ಕ, ಮೊಟ್ಟೆ ಮುಟ್ಟದೆ, ಆಕಳಿಸುತ್ತಾ ಕೂರುತ್ತಿದ್ದ.

ಅಷ್ಟರಲ್ಲಿ ಗುಡ್ಡದ ಮೇಲಿನ ದರ್ಬಾರಿನಿಂದ ನರಿ ಬಂದ.

"ನಾಳೆ ಪಕ್ಕದ ಕಾಡಿನ ಕರಡಿ ಸಾಹೇಬರು ಈ ಕಳ್ಳ ತಿದ್ದಿಕೊಂಡಿದ್ದನ್ನ ನೋಡೋಕೆ ಬರ್ತಾರೆ. ಇವನು ಒಬ್ಬನೇ ಗೂಡು ಕಾಯ್ಬೇಕು."

"ಇನ್ನೂ ಹದಕ್ಕೆ ಬಂದಿಲ್ಲಪ್ಪಾ," ಅಂದಳು ಚೆನ್ನಕ್ಕ.

"ಹದ ನಾವು ಹೇಳ್ತೀವಿ, ಅಕ್ಕಾ. ಆಗಲ್ಲ ಅಂದ್ರೆ ನಿನ್ನ ಪಾಠ ಬಂದ್, ಇವನು ಗಡಿಪಾರು."

ಕೆರೆ ಬಿಟ್ಟು ಗುಡ್ಡಣ್ಣನಿಗೆ ಬೇರೆ ಊರು ಗೊತ್ತಿರಲಿಲ್ಲ. "ಆಗುತ್ತೆ ಸ್ವಾಮೀ," ಅಂದುಬಿಟ್ಟ.

ಮರುದಿನ ಸೂರ್ಯ ಕಣ್ಣು ಬಿಡುವ ಮೊದಲೇ ತಾಲೀಮು ಶುರು. ಕೊರಳಿಗೆ ತಾವರೆ ಹಾರ. ಚೆನ್ನಕ್ಕನನ್ನು ಗುಂಪಿನ ಹಿಂದಕ್ಕೆ ತಳ್ಳಿದರು. ಏಡಿಯ ಮಾತೇ ಇಲ್ಲ.

ಕರಡಿ ಸಾಹೇಬರು ಬಂದಾಗ ನೆತ್ತಿ ಸುಡುವ ಬಿಸಿಲು. ನರಿಯ ಭಾಷಣ ಎಳೆದಷ್ಟೂ ಉದ್ದ. ಮೂಗಿನ ಕೆಳಗೇ ನಾಲ್ಕು ಮೊಟ್ಟೆ. ಗುಡ್ಡಣ್ಣನ ನಾಲಿಗೆ ತಾನಾಗಿಯೇ ಆಚೆ ಬಂತು. ಒಳಗೆ ಎಳೆದುಕೊಂಡ. ಮತ್ತೆ ಬಂತು.

"ಸ್ವಾಮೀ, ಒಂದೇ ಒಂದು ಏಡಿ... ಓಡಿ ಬಂದ್ಬಿಡ್ತೀನಿ."

"ಮುಚ್ಚೋ ಬಾಯಿ! ಸಾಹೇಬರು ನೋಡ್ತಿದ್ದಾರೆ!" ಹಲ್ಲು ಕಿರಿಯುತ್ತಲೇ ನರಿ ಅವನ ಬಾಲ ತುಳಿದು ನಿಂತ.

"ಬಿಡೋ ಅವನನ್ನ!" ಚೆನ್ನಕ್ಕ ಕೂಗುತ್ತಾ ಓಡಿದಳು. ಆಮೆ ಎಷ್ಟು ಓಡೀತು, ಪಾಪ!

ಗುಳುಂ.

ನಾಲ್ಕರಲ್ಲಿ ಒಂದು ಮೊಟ್ಟೆ ಮಾಯ.

"ಕಳ್ಳ! ಓಡಿಸಿ ಇವನನ್ನ!" ನರಿ ಕಿರುಚಿದ.

ಗುಡ್ಡಣ್ಣ ತಲೆ ಎತ್ತಲಿಲ್ಲ. ತಾಯಿ ಟಿಟ್ಟಿಭ ಓಡಿ ಬಂದು ಮಿಕ್ಕ ಮೊಟ್ಟೆಗಳ ಮೇಲೆ ಕೂತಳು.

"ನುಂಗಿದ್ದು ಇವನೇ. ಆದರೆ ಇವನು ಓಡಿಹೋಗೋಕೆ ಹೊರಟಿದ್ದ. ಹಿಡಿದಿದ್ದು ಯಾರು?" ಅಂತ ಅವಳು ಕೇಳಿದಳು.

ಕರಡಿ ಸಾಹೇಬರು ಬಗ್ಗಿ ನೋಡಿದರು. ನರಿಯ ಕಾಲು ಇನ್ನೂ ಬಾಲದ ಮೇಲೇ ಇತ್ತು.

"ಗಡಿಪಾರು ಮಾಡೋದಾದ್ರೆ ಇಬ್ಬರನ್ನೂ ಮಾಡಿ," ಅಂದಳು ಟಿಟ್ಟಿಭ. ನರಿಯ ಕಾಲು ಮೆಲ್ಲಗೆ ಮೇಲೆದ್ದಿತು.

ಅವಳು ಕಣ್ಣೊರೆಸಿಕೊಂಡು ಆಮೆಯ ಕಡೆ ತಿರುಗಿದಳು. "ಕರ್ಕೊಂಡು ಹೋಗು ಚೆನ್ನಕ್ಕಾ. ಇವನು ಹಸಿದಿದ್ದಾನೆ."

ನೀತಿ: ತಿದ್ದಲು ಸಮಯ ಕೊಡದೆ, ತಿದ್ದಿದ್ದನ್ನು ತೋರಿಸೆಂದು ಅವಸರ ಮಾಡುವವರು ತಪ್ಪಿನಲ್ಲೂ ಪಾಲುದಾರರು.