ಸೋಮ-ಚೆನ್ನಾಜಿ ಮಡು

ನಮ್ಮ ಬಿಳಿಗುಂಡಿನ ಹಳ್ಳದಲ್ಲಿ ಹನ್ನೊಂದು ಕಲ್ಲಿನ ಮೆಟ್ಟಿಲು ಇಳಿದರೆ ಸಿಗುವ ನೀರಿಗೆ ಸೋಮ-ಚೆನ್ನಾಜಿ ಮಡು ಎಂದು ಹೆಸರು. ಗುಡಿಯಿಲ್ಲ, ಶಾಸನವಿಲ್ಲ. ಪ್ರೇಮಿಗಳಿಬ್ಬರು ಇಲ್ಲಿ ಹಾರಿಕೊಂಡರೆಂದು ಹೊರಗಿನವರು ಸುಮ್ಮನೆ ಕಣ್ಣೀರು ತಂದುಕೊಳ್ಳುತ್ತಾರೆ. ಅವರಿಬ್ಬರೂ ಹುಟ್ಟಿದವರೇ ಅಲ್ಲ, ಮೇಕೆಯ ತೊಗಲಿನ ಗೊಂಬೆಗಳು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಗೊಂಬೆ ಓಬಣ್ಣನೆಂಬವನು ಈ ಊರಲ್ಲಿ ತೊಗಲುಗೊಂಬೆ ಆಡಿಸುತ್ತಿದ್ದನಂತೆ. ಅವನಪ್ಪ ಕಟ್ಟಿದ ಕಥೆಯಲ್ಲಿ ಸೋಮರಾಯನೆಂಬ ರಾಜಕುಮಾರ ಚೆನ್ನಾಜಿಗಾಗಿ ರಾಜ್ಯವನ್ನೇ ಬಿಡುತ್ತಾನೆ. ಸೋಮನಿಗೆ ಓಬಣ್ಣನ ದನಿ, ಚೆನ್ನಾಜಿಗೆ ಅವನ ಹೆಂಡತಿ ಗಿರಿಯವ್ವನ ದನಿ. ಊರಿಗೆ ಈ ಜೋಡಿ ಎಷ್ಟು ಹಿಡಿಸಿತೆಂದರೆ, ಮದುಮಕ್ಕಳನ್ನು "ಸೋಮ-ಚೆನ್ನಾಜಿ ಹಂಗೆ ಬಾಳ್ರಪ್ಪ" ಎಂದು ಹರಸುವುದೇ ರೂಢಿಯಾಯಿತು. ಒಂದೇ ನೊಗಕ್ಕೆ ಒಗ್ಗಿದ ಎತ್ತುಗಳನ್ನೂ, ಎರಡೂ ಗಂಡೆಂಬುದನ್ನು ಮರೆತು, ಸೋಮ-ಚೆನ್ನಾಜಿ ಎಂದೇ ಕರೆದರು.

ನಲವತ್ತು ವರ್ಷ ಕುಣಿದ ಚೆನ್ನಾಜಿಯ ತೊಗಲು ಒಂದು ಬೇಸಿಗೆಯಲ್ಲಿ ಬಿರಿದು ತೋಳು ಕಳಚಿತು. ಸವೆದ ಗೊಂಬೆಯನ್ನು ಬಿಸಾಡುವಂತಿಲ್ಲ. ಅರಿಸಿನ-ಕುಂಕುಮವಿಟ್ಟು, ಮೊಸರನ್ನದ ಬುತ್ತಿ ಕಟ್ಟಿ ನೀರಿಗೆ ಬಿಡಬೇಕು. ಅದು ಆ ಕುಲದ ಪದ್ಧತಿ. ಹೊಸ ಚೆನ್ನಾಜಿಗೆ ತೊಗಲು ಹದಮಾಡಿಟ್ಟೇ ಓಬಣ್ಣ ಹಳೆಯವಳನ್ನು ಮಡುವಿಗೆ ತಂದ. ಸೋಮ ಇನ್ನೂ ಗಟ್ಟಿಯಾಗಿದ್ದ; ಅಪ್ಪ ಕೊರೆದ ಗೊಂಬೆ, ಮನೆಗೆ ಅನ್ನ ತರುವ ಗೊಂಬೆ. ಗಿರಿಯವ್ವನಿಗೋ ಆ ವರ್ಷ ಗಂಟಲು ಕಟ್ಟಿ ಹಾಡು ನಿಂತೇ ಹೋಗಿತ್ತು. ಅವಳು ಮೆಲ್ಲಗೆ ಕೇಳಿದಳು: "ಹೊಸಬಳಿಗೆ ಯಾರ ದನಿ ತರ್ತೀಯ?"

"ಈ ಕತೆ ಬಿಟ್ರೆ ನಮ್ಮನ್ನ ಯಾರು ಕರೀತಾರೆ?" ಎಂದ ಓಬಣ್ಣ. ಗಿರಿಯವ್ವ ಚೆನ್ನಾಜಿಯ ಕಳಚಿದ ತೋಳನ್ನು ಅದರ ಜಾಗಕ್ಕೇ ಜೋಡಿಸಿಟ್ಟಳು. ಅವನಿಗೆ ಅದೇ ತಡೆಯದಾಯಿತು. ಮನೆಗೆ ಹೋಗಿ ಸೋಮನನ್ನೂ ಎತ್ತಿಕೊಂಡು ಬಂದ. "ಬುತ್ತಿಗೆ ಇನ್ನೊಂದು ಹಿಡಿ ಅನ್ನ ಹಾಕು," ಎಂದನಂತೆ, "ಇಬ್ಬರಿಗೆ ಸಾಲಾಕಿಲ್ಲ."

ಆಮೇಲೆ ಅವರು ಬೇರೆ ಕಥೆಗಳನ್ನಾಡಿಸಿ ಹೇಗೋ ಬದುಕಿದರು. ಜನ ಮೊದಲಿನಷ್ಟು ಸೇರಲಿಲ್ಲ. ಸೋಮರಾಯನ ಹಾಡುಗಳೆಲ್ಲ ಆ ಗಂಡ-ಹೆಂಡಿರೊಂದಿಗೇ ಹೋದವು. ನನಗೆ ಅದೊಂದೇ ಸಂಕಟ.

ಇಂದು ಮಡುವಿನಲ್ಲಿ ಬಟ್ಟೆ ಒಗೆಯುವ ಹೆಂಗಸರನ್ನು ಕೇಳಿ ನೋಡಿ, ಸೋಮರಾಯ ಯಾವ ಊರಿನ ರಾಜಕುಮಾರನೆಂದು ಒಬ್ಬರಿಗೂ ಗೊತ್ತಿಲ್ಲ. ಆದರೆ ಯಾರಾದರೂ ಮುದುಕ ಹೆಂಡತಿಯ ಮೊಣಕೈ ಹಿಡಿದು, ಪಾಚಿಗಟ್ಟಿದ ಮೆಟ್ಟಿಲನ್ನು ತಾನು ಮೊದಲು ಇಳಿದು ಅವಳನ್ನು ಇಳಿಸುವುದು ಕಂಡರೆ, ಒಗೆಯುವ ಕೈ ನಿಲ್ಲಿಸಿ ಹೇಳುತ್ತಾರೆ: "ಅತ್ತ ಸರೀರೇ, ಸೋಮ-ಚೆನ್ನಾಜಿ ಬಂದ್ರು."